ಕೆಂಪುಲ್ಲು ಚಲುವರಾಜುವಿನ ರೈಲು ಪಟಗಳು

ಅಕ್ಕಿಹೆಬ್ಬಾಳಿನ ಚಲುವರಾಜುವಿಗೆ ಚಿಕ್ಕಂದಿನಲ್ಲಿ ಹಣ್ಣುಮೆಣಸಿನಕಾಯಿಗೂ ಹಸಿಮೆಣಸಿನಕಾಯಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವ್ವ ದ್ಯಾವಮ್ಮ ಮಂಕರಿ ಕೊಟ್ಟು ಹೊಲಕ್ಕೆ ಕಳಿಸಿದರೆ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ತರುತ್ತಿದ್ದ. ಅರ್ಧ ಹಣ್ಣು, ಅರ್ಧ ಕಾಯಿ.

"ಕಣ್ಣ ಎಲ್ಲಿಟ್ಟಿದ್ದೆಲಾ? ಕೆಂಪಗಿರೋದ ಮಾತ್ರ ಕೀಳು ಅಂದಿರ್ನಿಲ್ವಾ?" ಎಂದು ಅವಳು ಬೆನ್ನಿಗೊಂದು ಗುದ್ದುತ್ತಿದ್ದಳು.

ಎಲ್ಲರಿಗೂ ಕಾಣುವುದೇ ತನಗೂ ಕಾಣುತ್ತಿದೆ, ಆದರೆ ಗಮನವಿಟ್ಟು ನೋಡುವ ಬುದ್ಧಿ ತನಗಿಲ್ಲ ಎಂದು ಅವನು ನಂಬಿಕೊಂಡಿದ್ದ. ಊರಿನವರೂ ಹಾಗೆಯೇ ತಿಳಿದಿದ್ದರು. ಹುಡುಗ ಒಳ್ಳೆಯವನು, ಮೈಗಳ್ಳ ಅಷ್ಟೇ, ಎನ್ನುತ್ತಿದ್ದರು.

ಅಪ್ಪ ಹೊನ್ನಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಗುಂಟ ನಡೆದು ಬೋಲ್ಟು ಸಡಿಲವಾಗಿದೆಯೇ, ಜಲ್ಲಿ ಕುಸಿದಿದೆಯೇ ಎಂದು ನೋಡಿ ಸರಿಪಡಿಸುವುದು ಅವನ ಕೆಲಸ. ಹೇಮಾವತಿ ಹೊಳೆಯ ಮೇಲಿನ ರೈಲು ಸೇತುವೆಯೂ ಅವನ ಪಾಲಿಗೇ ಬಂದಿತ್ತು. ಶಾಲೆಗೆ ರಜೆಯಿದ್ದ ದಿನ ಚಲುವರಾಜು ಅಪ್ಪನಿಗೆ ಮುದ್ದೆ, ಉಪ್ಸಾರು ಹೊತ್ತು ಸ್ಟೇಷನ್ನಿಗೆ ಹೋಗುತ್ತಿದ್ದ. ಅಪ್ಪ ಲೈನಿನಿಂದ ವಾಪಸು ಬರುವವರೆಗೆ ಪ್ರಯಾಣಿಕರು ಕೂರುವ ಕೋಣೆಯ ಕಲ್ಲುಬೆಂಚಿನ ಮೇಲೆ ಕಾಯಬೇಕಿತ್ತು. ಆ ಬೆಂಚಿನ ಎದುರಿನ ಗೋಡೆಯಲ್ಲಿ ಗಾಜು ಹಾಕಿಸಿದ ಒಂದು ಹಳೆಯ ಪಟವಿತ್ತು.

ಪಟದ ಕೆಳಗೆ ಕಡುಗಪ್ಪಾಗಿ ಕಾಣುವ ಕಾಡು. ಕಾಡಿನ ಮೇಲೆ ಕಡುನೀಲಿ ಬೆಟ್ಟ, ಅದರ ಹಿಂದೆ ತಿಳಿನೀಲಿಯ ಇನ್ನೊಂದು ಬೆಟ್ಟ, ಅದರ ನೆತ್ತಿಯ ಮೇಲೆ ಬೆಳ್ಳಗೆ ಹಿಮ. ಹಿಮದ ಹಿಂದೆ ಹಳದಿ ಆಕಾಶ. ಬೆಟ್ಟದ ಸೊಂಟ ಸುತ್ತಿಕೊಂಡು ಬೆರಳುದ್ದದ ಒಂದು ರೈಲು ಹೊಗೆ ಬಿಡುತ್ತ ಹೋಗುತ್ತಿತ್ತು. ಕಣಿವೆಯ ಅಂಚಿನಲ್ಲಿ ಕೋಲೂರಿ ನಿಂತ ಒಬ್ಬ ಮನುಷ್ಯ, ಅಕ್ಕಿಕಾಳಿನಷ್ಟು.

ಮನೆಯ ಕ್ಯಾಲೆಂಡರಿನ ದೇವರುಗಳು ಚಲುವರಾಜುವಿಗೆ ಎಂದೂ ಸರಿಯಾಗಿ ಕಂಡವರಲ್ಲ. ಲಕ್ಷ್ಮಿಯ ಸೀರೆ, ಕಮಲದ ಎಲೆ, ಹಿಂದಿನ ಪರದೆ ಎಲ್ಲ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಈ ಪಟದಲ್ಲಿ ಮಾತ್ರ ಎಲ್ಲವೂ ಬಿಡಿಬಿಡಿಯಾಗಿ, ಕತ್ತರಿಸಿ ಅಂಟಿಸಿದಂತೆ ನಿಂತಿದ್ದವು. ಅವನು ತನ್ನ ಬದುಕಿನಲ್ಲಿ ಪೂರ್ತಿಯಾಗಿ ನೋಡಿದ ಮೊದಲ ಚಿತ್ರ ಅದು. ಅದೇಕೆ ಹಾಗೆ ಎಂದು ಆಗ ಅವನಿಗೆ ಗೊತ್ತಿರಲಿಲ್ಲ.

ಸ್ಟೇಷನ್ ಮಾಸ್ಟರ್ ಸುಬ್ಬಣ್ಣನವರು ಶ್ರೀರಂಗಪಟ್ಟಣದ ಗಂಜಾಂನವರು, ಮೃದು ಮಾತಿನ ಮನುಷ್ಯ. ಹುಡುಗ ಕಣ್ಣು ಕೀಳದೆ ನೋಡುವುದನ್ನು ಕಂಡು ಒಂದು ದಿನ ಪಕ್ಕದಲ್ಲಿ ನಿಂತು ವಿವರಿಸಿದರು.

"ಸ್ವಾತಂತ್ರ್ಯ ಬರೋದಕ್ಕೂ ಮುಂಚಿನದಪ್ಪಾ ಇದು. ಜನ ರೈಲು ಹತ್ತಿ ದೇಶ ನೋಡಲಿ ಅಂತ ಕಂಪನಿಯವರು ಇಂಥ ಪಟ ಅಚ್ಚು ಹಾಕಿಸಿ ಸ್ಟೇಷನ್ನುಗಳಿಗೆ ಕಳಿಸ್ತಿದ್ದರು. ಕೆಳಗೆ ಇಂಗ್ಲಿಷಿನಲ್ಲಿ 'ಮೋಡಗಳಿಗಿಂತ ಮೇಲೆ' ಅಂತ ಬರೆದಿದೆ. ನಮ್ಮ ಅಕ್ಕಿಹೆಬ್ಬಾಳಿಗೆ ಯಾಕೆ ಕಳಿಸಿದರೋ ನಾ ಕಾಣೆ."

ಆ ವಾರವೇ ಚಲುವರಾಜು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬೆಟ್ಟ ಬರೆದ. ಮಾಸಿದಾಗೆಲ್ಲ ಮತ್ತೆ ಮತ್ತೆ ಬರೆದ. ಹಸುಗಳು ಗೋಡೆಗೆ ಮೈ ಉಜ್ಜಿ ಅಳಿಸುತ್ತಿದ್ದವು, ಇವನು ತಿದ್ದುತ್ತಿದ್ದ. ಕೆಲವು ವರ್ಷಗಳ ಮೇಲೆ ಮೀಟರ್‌ಗೇಜು ಬ್ರಾಡ್‌ಗೇಜಾಯಿತು. ಹಳೆಯ ಸ್ಟೇಷನ್ ಕಟ್ಟಡ ಹೋಗಿ ಹೊಸದು ಬಂತು. ಸುಬ್ಬಣ್ಣನವರಿಗೆ ವರ್ಗವಾಯಿತು. ಪಟ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ.

ಚಲುವರಾಜು ಎಸ್ಸೆಸ್ಸೆಲ್ಸಿ ಮುಗಿಸಿ ದೊಡ್ಡವನಾದ ಮೇಲೆ ರೈಲ್ವೆ ಕೆಲಸಕ್ಕೆ ಅರ್ಜಿ ಹಾಕಿದ. ಲಿಖಿತ ಪರೀಕ್ಷೆಯಲ್ಲಿ ಗೆದ್ದ, ಓಟದಲ್ಲೂ ಗೆದ್ದ. ಮಗನೂ ತನ್ನ ಜೊತೆ ಲೈನಿಗೆ ಬರುತ್ತಾನೆಂದು ಹೊನ್ನಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಕಡೆಯದಾಗಿ ಮೈಸೂರಿನಲ್ಲಿ ವೈದ್ಯಕೀಯ ಪರೀಕ್ಷೆ ಇತ್ತು. ಡಾಕ್ಟರು ಚುಕ್ಕಿ ಚುಕ್ಕಿಗಳಿದ್ದ ಒಂದು ಹಾಳೆಯನ್ನು ಮುಂದೆ ಹಿಡಿದರು.

"ಇದರಲ್ಲಿ ಯಾವ ನಂಬರ್ ಕಾಣುತ್ತೆ?"

"ನಂಬರು ಎಲ್ಲೈತೆ ಸಾ? ಬರೀ ಚುಕ್ಕಿ ಅವೆ."

ಅವರು ಇನ್ನೊಂದು ಹಾಳೆ ತಿರುಗಿಸಿದರು, ಮತ್ತೊಂದು ತಿರುಗಿಸಿದರು. ಆಮೇಲೆ ಪುಸ್ತಕ ಮುಚ್ಚಿ ಸಮಾಧಾನವಾಗಿ ಹೇಳಿದರು: ಕೆಂಪು, ಹಸಿರು ಎರಡೂ ಅವನಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಅದು ಹುಟ್ಟಿನಿಂದಲೇ ಬಂದದ್ದು, ಔಷಧಿಯಿಲ್ಲ, ತಪ್ಪೂ ಅಲ್ಲ. ಆದರೆ ಹಳಿಯ ಕೆಲಸಕ್ಕೆ ಆಗುವುದಿಲ್ಲ.

ಹಿಂತಿರುಗುವ ರೈಲಿನಲ್ಲಿ ಅಪ್ಪ, ಮಗ ಎದುರುಬದುರು ಕೂತರು. ದಾರಿಯ ಒಂದು ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಹೊನ್ನಪ್ಪ ಕಿಟಕಿಯಾಚೆ ಬೆರಳು ಮಾಡಿದ.

"ಆ ಸಿಗ್ನಲ್ ದೀಪ ಯಾವ ಬಣ್ಣ ಐತೆ ಯೋಳು."

"ಮೇಲ್ಗಡೆದು ಉರೀತಾ ಐತೆ."

"ನಾ ಕೇಳಿದ್ದು ಬಣ್ಣ ಕಣ್ಲಾ."

"ಗೊತ್ತಾಗಕ್ಕಿಲ್ಲ ಕಣಪ್ಪ."

ಹೊನ್ನಪ್ಪ ಮುಖ ತಿರುಗಿಸಿಕೊಂಡ. ಊರು ಬರುವವರೆಗೂ ಕಿಟಕಿಯಾಚೆಯೇ ನೋಡುತ್ತ ಕೂತ. ಕೋಪ ಬಂದಿರಲಿಲ್ಲ. ಒಂದು ಕೆಂಪು ಬಾವುಟವನ್ನು ನಂಬಿಕೊಂಡು ಅಷ್ಟೂ ವರ್ಷ ಬದುಕಿದವನು ಅವನು. ಹಳಿ ಬಿಚ್ಚಿ ಕೆಲಸ ಮಾಡುವಾಗ ಆ ಬಾವುಟವೇ ಅವನಿಗೂ ಬರುವ ರೈಲಿಗೂ ನಡುವೆ ನಿಲ್ಲುತ್ತಿತ್ತು. ಅದು ಮಗನಿಗೆ ಕಾಣುವುದೇ ಇಲ್ಲ ಎನ್ನುವುದನ್ನು ಒಳಗಿಳಿಸಿಕೊಳ್ಳಲು ಅವನಿಗೆ ಹೊತ್ತು ಬೇಕಾಗಿತ್ತು.

ಮನೆಯಲ್ಲಿ ವಿಷಯ ಕೇಳಿ ದ್ಯಾವಮ್ಮ ಒನಕೆ ಬದಿಗಿಟ್ಟು ಅಲ್ಲೇ ಕುಳಿತಳು.

"ನಮ್ಮಪ್ಪನೂ ಇಂಗೇ ಇದ್ದ," ಅಂದಳು. ಅವಳ ತವರು ನಾಗಮಂಗಲದ ಕಡೆ. "ಟಮೋಟೊ ಕೀಳಕ್ಕೆ ನಮ್ಮವ್ವನ್ನೇ ಕಳುಗ್ಸೋನು. ತಮಾಸೆ ಮಾಡ್ತಾನೆ ಅನ್ಕಂಡಿದ್ವಿ. ಸುಮ್‌ಸುಮ್ಕೆ ನಿನ್ ಬೆನ್ನಿಗೆ ಗುದ್ದುಬುಟ್ನಲ್ಲೋ ಮಗ."

"ಓಗ್ಲಿ ಬುಡವ್ವ."

ಅದಾದ ಮೇಲೆ ಅವಳು ಅವನ ತಟ್ಟೆಗೆ ಬಡಿಸುವಾಗ, ಬಟ್ಟೆ ತೆಗೆದುಕೊಡುವಾಗ ಬಣ್ಣದ ಹೆಸರನ್ನು ಬಾಯಲ್ಲಿ ಹೇಳಿ ಕೊಡುವ ಅಭ್ಯಾಸ ಮಾಡಿಕೊಂಡಳು. ಇವತ್ತಿಗೂ ಹಾಗೇ ಮಾಡುತ್ತಾಳೆ.

ಕೈಯಲ್ಲಿ ಗೆರೆ ಚೆನ್ನಾಗಿದೆಯೆಂದು ಚಲುವರಾಜು ಕೆ.ಆರ್. ಪೇಟೆಯಲ್ಲಿ ಬೋರ್ಡು ಬರೆಯುವ ನರಸಯ್ಯನ ಬಳಿ ಸೇರಿಕೊಂಡ. ಅಕ್ಷರ ಅವನಿಗೆ ಬೇಗ ಒಲಿಯಿತು. ಕನ್ನಡದ ದುಂಡು, ಕೊಂಬು, ಒತ್ತು ಎಲ್ಲ ಅವನ ಕುಂಚದಲ್ಲಿ ಉಸಿರಾಡುತ್ತಿದ್ದವು. ಕಣ್ಣಿನ ವಿಷಯ ಮಾತ್ರ ಅವನು ನರಸಯ್ಯನಿಗೆ ಹೇಳಲಿಲ್ಲ. ಹೇಳಿದರೆ ಈ ಕೆಲಸವೂ ಹೋದೀತೆಂಬ ಭಯ. ಡಬ್ಬಿಗಳನ್ನು ಇಟ್ಟ ಜಾಗದ ಮೇಲೆ ಗುರುತು ಹಿಡಿಯುತ್ತಿದ್ದ.

ಒಂದು ಊರಿನ ಹಾಲಿನ ಡೈರಿಯ ಗೋಡೆಗೆ ಹಸು ಮೇಯುವ ಚಿತ್ರ ಬರೆಯಬೇಕಿತ್ತು. ನರಸಯ್ಯ ಬೇರೆ ಕಡೆ ಹೋಗಿದ್ದ. ಡಬ್ಬಿಗಳನ್ನು ಯಾರೋ ಎತ್ತಿಡುವಾಗ ಜಾಗ ಅದಲುಬದಲಾಗಿತ್ತು. ಚಲುವರಾಜು ಅಂದವಾದ ಒಂದು ಹಸುವನ್ನು ಬರೆದ. ಅದರ ಕಾಲ ಕೆಳಗೆ ಗೋಡೆಯುದ್ದಕ್ಕೂ ಇಟ್ಟಿಗೆಯಂತೆ ಕೆಂಪಗಿದ್ದ ಹುಲ್ಲು ಬೆಳೆಸಿದ. ಸಂಜೆ ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ನಕ್ಕರು. ಆ ನಗು ಸಂತೆಯ ಮೂಲಕ ಊರೂರಿಗೆ ಹರಡಿತು. ಅಂದಿನಿಂದ ಅವನು ಕೆಂಪುಲ್ಲು ಚಲುವರಾಜು.

ನರಸಯ್ಯನಿಗೆ ಆಗ ಎಲ್ಲ ಹೇಳಲೇಬೇಕಾಯಿತು. ಕೆಲಸ ಬಿಡಿಸುತ್ತಾನೆಂದುಕೊಂಡಿದ್ದರೆ ಅವನು, "ಮೊದ್ಲೇ ಯೋಳಕ್ಕೇನಾಗಿತ್ಲಾ ನಿಂಗೆ?" ಎಂದು ಬೈದು, ಒಂದು ಮೊಳೆ ತೆಗೆದುಕೊಂಡು ಡಬ್ಬಿಗಳ ಮುಚ್ಚಳದ ಮೇಲೆ ಗೀಚಿದ. ಕೆಂಪಿಗೆ ಅಡ್ಡಗೀಟು, ಹಸಿರಿಗೆ ಉದ್ದಗೀಟು. ಮತ್ತೆ ಆ ಮಾತೆತ್ತಲಿಲ್ಲ. ಆದರೆ ಚಲುವರಾಜುವೇ ಚಿತ್ರದ ಕೆಲಸದಿಂದ ಹಿಂದೆ ಸರಿದ. ಹಳದಿಯ ಮೇಲೆ ಕಪ್ಪು, ಬಿಳಿಯ ಮೇಲೆ ಕಪ್ಪು, ಅಕ್ಷರ ಮಾತ್ರ ಸಾಕು ಎಂದ.

ಮದುವೆಗೆ ಹೆಣ್ಣು ನೋಡಲು ಪಾಲಹಳ್ಳಿಗೆ ಹೋದಾಗಲೂ ಅವನು ಅದನ್ನೇ ಮೊದಲು ಹೇಳಿದ. ಹುಡುಗಿ ಶ್ವೇತ ಕಾಫಿ ಲೋಟ ಕೊಡುತ್ತಿದ್ದಳು.

"ನೀವುಟ್ಟಿರೋ ಸೀರೆ ಯಾವ ಬಣ್ಣ ಅಂತ ನಂಗೊತ್ತಾಗಕ್ಕಿಲ್ಲ. ಮೊದ್ಲೇ ಯೋಳ್ಬುಡ್ಬೇಕು ಅನ್ನುಸ್ತು."

"ಚೆಂದಾಗೈತಾ ಇಲ್ವಾ? ಅಷ್ಟ ಯೋಳಿ," ಅಂದಳು ಶ್ವೇತ.

ಆ ಮಾತಿಗೇ ತಾನು ಸೋತೆನೆಂದು, ಬಹಳ ವರ್ಷಗಳ ಮೇಲೆ ಪರಿಚಯವಾದ ನನ್ನ ಬಳಿ ಚಲುವರಾಜು ಹೇಳಿದ್ದಾನೆ. ಶ್ವೇತಳಿಗೆ ಆ ಸೀರೆಯ ಬಣ್ಣ ಈಗ ನೆನಪಿಲ್ಲವಂತೆ.

ಫ್ಲೆಕ್ಸ್ ಬಂದು ಬೋರ್ಡು ಬರೆಯುವವರ ಕೈ ಕಟ್ಟಿತು. ನರಸಯ್ಯ ಕುಂಚ ತೊಳೆದಿಟ್ಟು ಮಗನ ಮನೆ ಸೇರಿದ. ಚಲುವರಾಜು ಬಿಡಲಿಲ್ಲ. ಟ್ರಾಕ್ಟರಿನ ಹಿಂದೆ ಹೆಸರು ಬರೆದ, ಶಾಲೆಯ ಗೋಡೆಗೆ ಗಾದೆ ಬರೆದ. ರೈಲ್ವೆಯ ಗುತ್ತಿಗೆದಾರರೊಬ್ಬರು ಸ್ಟೇಷನ್ನುಗಳ ಹಳದಿ ಹೆಸರುಹಲಗೆ ತಿದ್ದಿ ಬರೆಯುವ ಕೆಲಸ ಕೊಟ್ಟರು. ಕಣ್ಣು ಸರಿಯಿಲ್ಲವೆಂದು ಹೊರಗಿಟ್ಟ ರೈಲ್ವೆಗೆ ಅವನು ಹೀಗೆ ಕುಂಚ ಹಿಡಿದು ಒಳಗೆ ಬಂದ. ಅವನು ಬರೆದ ಊರ ಹೆಸರನ್ನು ಓಡುವ ರೈಲಿನಿಂದಲೂ ಓದಬಹುದಿತ್ತು.

ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಗೋಡೆ ಬರೆಯುವಾಗ ಅಲ್ಲಿನ ಡ್ರಾಯಿಂಗ್ ಟೀಚರ್ ಅಲಮೇಲು ಅವರ ಪರಿಚಯವಾಯಿತು. ಐವತ್ತು ದಾಟಿದ, ಕನ್ನಡಕದ ಮೇಲಿಂದ ನೋಡುವ ಹೆಂಗಸು. ಊರು ಯಾವುದೆಂದು ಕೇಳಿದರು.

"ಅಕ್ಕಿಹೆಬ್ಬಾಳು ಮೇಡಮ್ನೋರೆ."

"ಹೌದೇ? ನಮ್ಮ ತಂದೆ ಅಲ್ಲಿ ಸ್ಟೇಷನ್ ಮಾಸ್ಟರಾಗಿದ್ದರು. ಸುಬ್ಬಣ್ಣ ಅಂತ."

ಚಲುವರಾಜು ಏಣಿಯಿಂದ ಇಳಿದ. "ಆ ಹಿಮದ ಬೆಟ್ಟದ ಪಟ ಏನಾಯ್ತು ಮೇಡಮ್ನೋರೆ?"

ಪಟ ಗಂಜಾಂನ ಅವರ ಮನೆಯಲ್ಲೇ ಇತ್ತು. ಹಳೆಯ ಸ್ಟೇಷನ್ ಕೆಡವುವಾಗ ಕಸದ ಜೊತೆ ಬಿದ್ದಿದ್ದನ್ನು ಸುಬ್ಬಣ್ಣನವರು ಮೇಲಿನವರ ಒಪ್ಪಿಗೆ ಪಡೆದು ಮನೆಗೆ ತಂದಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಗೆದ್ದಲು ಕೆಳಗಿನ ಅಂಚನ್ನು ತಿಂದು ಇಂಗ್ಲಿಷ್ ಸಾಲು ಹೋಗಿತ್ತು. ಬೆಟ್ಟ ಹಾಗೇ ಉಳಿದಿತ್ತು. ಮುಂದಿನ ಭಾನುವಾರ ಗಂಜಾಂಗೆ ಹೋದ ಚಲುವರಾಜು ಪಡಸಾಲೆಯಲ್ಲಿ ಅದರ ಮುಂದೆ ಕೂತವನು ಕಾಫಿ ಆರಿದರೂ ಏಳಲಿಲ್ಲ. ಒಂದು ನಕಲು ತೆಗೆದುಕೊಳ್ಳಲೇ ಎಂದು ಕೇಳಿದ. ಅಲಮೇಲು ಒಪ್ಪಿ ತಮ್ಮದೇ ಬಣ್ಣ, ಕುಂಚ ಕೊಟ್ಟರು.

ಕೆಲವು ಭಾನುವಾರ ಹಿಡಿಯಿತು. ಮುಗಿದ ದಿನ ಅಲಮೇಲು ಬಂದು ನಕಲನ್ನೂ ಮೂಲವನ್ನೂ ತಿರುಗಿ ತಿರುಗಿ ನೋಡಿದರು. ಆಕಾಶದ ಹಳದಿ ಸರಿಯಾಗಿತ್ತು, ಬೆಟ್ಟಗಳ ನೀಲಿ ಸರಿಯಾಗಿತ್ತು. ಮೂಲದಲ್ಲಿ ಕಡುಹಸಿರಾಗಿದ್ದ ಕಾಡು ಮಾತ್ರ ಇಲ್ಲಿ ಸುಟ್ಟ ಇಟ್ಟಿಗೆಯ ಬಣ್ಣಕ್ಕಿತ್ತು.

ಅವರ ನೋಟದಲ್ಲೇ ಚಲುವರಾಜುವಿಗೆ ಅರ್ಥವಾಯಿತು. "ತಪ್ಪೋಯ್ತಲ್ವಾ ಮೇಡಮ್ನೋರೆ? ಕಾಡು ತಾನೆ?" ಎಂದು ತನ್ನ ಕಣ್ಣಿನ ಕತೆ ಹೇಳಿದ. ಕೆಂಪುಲ್ಲಿನ ಕತೆಯನ್ನೂ ಹೇಳಿದ.

ಅಲಮೇಲು ಎರಡು ಪಟಗಳನ್ನೂ ಅಕ್ಕಪಕ್ಕ ನಿಲ್ಲಿಸಿ ಫೋನಿನಲ್ಲಿ ಒಂದು ಫೋಟೋ ತೆಗೆದರು. ಏನೋ ಒತ್ತಿ ಅದನ್ನು ಕಪ್ಪುಬಿಳುಪಾಗಿಸಿ ಅವನ ಕೈಗೆ ಕೊಟ್ಟರು. ಫೋಟೋದಲ್ಲಿ ಎರಡೂ ಒಂದೇ ಆಗಿದ್ದವು. ಕಾಡಿನ ಕತ್ತಲು, ಬೆಟ್ಟದ ನೆರಳು, ಹಿಮದ ಬೆಳಕು, ಯಾವುದರಲ್ಲೂ ಒಂದು ಎಳೆಯ ವ್ಯತ್ಯಾಸವಿರಲಿಲ್ಲ. ಗೆದ್ದಲು ತಿಂದ ಅಂಚು ಇಲ್ಲದಿದ್ದರೆ ಯಾವುದು ಮೂಲ, ಯಾವುದು ನಕಲು ಎಂದು ಹೇಳಲಾಗುತ್ತಿರಲಿಲ್ಲ.

"ಬೆಳಕು ಎಲ್ಲಿದೆ, ನೆರಳು ಎಷ್ಟಿದೆ ಅಂತ ಇಷ್ಟು ಸರಿಯಾಗಿ ನೋಡೋ ಕಣ್ಣನ್ನ ನಾನು ಕಂಡಿಲ್ಲ," ಅಂದರು ಅಲಮೇಲು. "ಎಲೆ ಹಸಿರು, ಮಣ್ಣು ಕೆಂಪು ಅಂತ ಮಕ್ಕಳಿಗೆ ಹೇಳಿಕೊಟ್ಟು ಹೇಳಿಕೊಟ್ಟು ನನಗೇ ಬೇಜಾರಾಗಿತ್ತು. ನಿಜ ಹೇಳಲಾ? ನಿಮ್ಮ ಕೆಂಪು ಕಾಡೇ ನನಗೆ ಇಷ್ಟವಾಯಿತು."

ಆಮೇಲೆ ಆ ಪಡಸಾಲೆ ಭಾನುವಾರದ ಪಾಠಶಾಲೆಯಂತಾಯಿತು. ದೇಶವಿದೇಶದ ಹಳೆಯ ರೈಲು ಪಟಗಳ ಚಿತ್ರಗಳನ್ನು ಅಲಮೇಲು ಹುಡುಕಿ ತಂದು ಹರಡುತ್ತಿದ್ದರು. ಸಮುದ್ರಕ್ಕೆ ಬಾಗಿದ ಬಂಡೆ, ಕಣಿವೆಯ ಮೇಲೆ ಜೋಲಾಡುವಂಥ ಸೇತುವೆ, ಮರಳುಗಾಡಿನ ಕೋಟೆ. ಇಬ್ಬರೂ ಕೂತು ಅವುಗಳ ಗುಟ್ಟು ಬಿಡಿಸಿದರು. ಬಣ್ಣ ನಾಲ್ಕೈದಕ್ಕಿಂತ ಹೆಚ್ಚಿಲ್ಲ. ಸೂರ್ಯ ಯಾವಾಗಲೂ ಕೆಳಗಿರುತ್ತಾನೆ, ಅದಕ್ಕೇ ನೆರಳು ಉದ್ದ. ಎಲ್ಲೋ ಒಂದು ಮೂಲೆಯಲ್ಲಿ ಕಾಳಿನಷ್ಟು ಮನುಷ್ಯ ಇದ್ದೇ ಇರುತ್ತಾನೆ, ಬೆಟ್ಟ ಎಷ್ಟು ದೊಡ್ಡದೆಂದು ನಮಗೆ ತೋರಿಸಲು.

"ಆದ್ರೂ ಇದು ಸುಳ್ಳಲ್ವಾ ಮೇಡಮ್ನೋರೆ? ಇಷ್ಟೊಂದು ದೊಡ್ಡ ಬೆಟ್ಟ ಎಲ್ಲಾದ್ರೂ ಇದ್ದಾದಾ?"

"ಸುಳ್ಳಲ್ಲ. ಮೊದಲ ಸಲ ನೋಡಿದವನಿಗೆ ಎಷ್ಟು ದೊಡ್ಡದಾಗಿ ಕಂಡಿತೋ ಅಷ್ಟು ಬರೆದಿದ್ದಾರೆ."

ಚಲುವರಾಜು ಆ ಮಾತನ್ನು ತಲೆಯಲ್ಲಿಟ್ಟುಕೊಂಡು ಪಾಂಡವಪುರಕ್ಕೆ ಹೋದ. ಅಲ್ಲಿನ ಕುಂತಿ ಬೆಟ್ಟವನ್ನು ಅವನು ಬಸ್ಸಿನಿಂದ ಲೆಕ್ಕವಿಲ್ಲದಷ್ಟು ಸಲ ನೋಡಿದ್ದ. ಈಗ ಹೊಸಬನಂತೆ ನೋಡಬೇಕೆಂದು ಬೆಳಗಿನ ಮಂಜಿನಲ್ಲಿ ಬುಡದಲ್ಲಿ ಕೂತ. ಬಿಸಿಲು ಏರುತ್ತ ಬಂಡೆಗಳು ಒಂದೊಂದಾಗಿ ಎದ್ದು ನಿಂತವು. ಒಂದರ ಮೇಲೊಂದು ಯಾರೋ ಆಟಕ್ಕೆ ಪೇರಿಸಿಟ್ಟಂಥ ಗುಂಡುಗಳು, ಕೆಳಗೆ ಕಬ್ಬಿನ ಗದ್ದೆ, ನಡುವೆ ಕೆರೆಯ ಬಿಳಿ ಗೆರೆ. ಹೋದ, ಬಂದ, ಮತ್ತೆ ಹೋದ. ಕೊನೆಗೆ ಬೆಟ್ಟ ಒಂದು ದೊಡ್ಡ ಹಾಳೆಯ ಮೇಲೆ ಬಂತು. ಆಕಾಶ ಹಳದಿ, ಬಂಡೆ ನೀಲಿ, ಕಬ್ಬು ಕೆಂಪು. ಮೆಟ್ಟಿಲ ಬಳಿ ಕಾಳಿನಷ್ಟು ಒಬ್ಬ ಹೆಂಗಸು, ತಲೆಯ ಮೇಲೆ ಹುಲ್ಲಿನ ಹೊರೆ. ಅಡಿಯಲ್ಲಿ ತನ್ನ ದುಂಡು ಅಕ್ಷರದಲ್ಲಿ 'ಪಾಂಡವಪುರ' ಎಂದು ಬರೆದು, ಅದರ ಕೆಳಗೆ ಎರಡೇ ಪದ ಸೇರಿಸಿದ: 'ಇಳಿದು ನೋಡಿ'.

ಪಾಂಡವಪುರದಲ್ಲಿ ಸಿದ್ದಾರ್ಥ ಎಂಬ ಯುವಕ ಮದುವೆ ಕಾರ್ಡು ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಮೂಲಕ ಒಂದು ಸಲಕ್ಕೆ ಒಂದೇ ಬಣ್ಣ ಒತ್ತುವ ಕೆಲಸ ಅದು. ಬಣ್ಣವನ್ನು ಪದರ ಪದರವಾಗಿ ಯೋಚಿಸುವ ಚಲುವರಾಜುವಿಗೆ ಹೇಳಿ ಮಾಡಿಸಿದಂತಿತ್ತು. ಸಿದ್ದಾರ್ಥ ಹುರುಪಿನಿಂದ ಕೈಗೂಡಿಸಿದ. ಅಲಮೇಲು ಸ್ಟೇಷನ್ನಿನವರ ಜೊತೆ ಮಾತಾಡಿ ಕಾಯುವ ಕೋಣೆಯ ಗೋಡೆಗೆ ಪಟ ತೂಗುಹಾಕಿಸಿದರು.

ಮೊದಲ ವಾರ ಜನ ನಕ್ಕರು. "ಕಬ್ಬಿಗೆ ಬೆಂಕಿ ಬಿದ್ದೈತೇನ್ಲಾ?" ಎಂದು ಒಬ್ಬ ಕೇಳಿದರೆ ಇನ್ನೊಬ್ಬನಿಗೆ ಡೈರಿಯ ಹಳೆಯ ಕತೆ ನೆನಪಾಯಿತು. ಯಾರೋ ಊರಿಗೆ ಅವಮಾನವೆಂದು ದೂರು ಕೊಟ್ಟರು. ಪಟ ಗೋಡೆಯಿಂದ ಇಳಿಯಿತು. ಚಲುವರಾಜು ಅದನ್ನು ಸುತ್ತಿಕೊಂಡು ಮನೆಗೆ ಬಂದ. ಶ್ವೇತಳನ್ನು ಕರೆದು, "ಕಬ್ಬಿನ ಬಣ್ಣ ನೀನೇ ಕಲಸಿಕೊಡು. ಎಲ್ರಿಗೂ ಕಾಣೋ ಅಂಗೇ ಇರ್ಲಿ," ಅಂದ. ಅವಳು ಬೇಡವೆಂದರೂ ಕೇಳಲಿಲ್ಲ. ಹಸಿರು ಕಬ್ಬಿನ ಕುಂತಿ ಬೆಟ್ಟ ಅಚ್ಚಾಗಿ ಅದೇ ಗೋಡೆಗೆ ಹೋಯಿತು.

ಈ ಸಲ ಯಾರೂ ನಗಲಿಲ್ಲ. ಯಾರೂ ನೋಡಲೂ ಇಲ್ಲ. ಜನ ಅದರ ಕೆಳಗೆ ಕೂತು ಕಡಲೆಕಾಯಿ ತಿಂದರು, ಫೋನು ನೋಡಿದರು, ರೈಲು ಬಂದಾಗ ಎದ್ದು ಹೋದರು. ಒಂದು ತಿಂಗಳು ಕಳೆದ ಮೇಲೆ ಸಿದ್ದಾರ್ಥ ಫೋನು ಮಾಡಿದ.

"ಅಣ್ಣ, ಆ ಕೆಂಪು ಕಬ್ಬಿಂದು ಎಲ್ಲೋಯ್ತು ಅಂತ ಅಂಗ್ಡಿಗೆ ಬಂದು ಕೇಳ್ತಾವ್ರೆ. ದಿನಾ ಮೈಸೂರ್ಗೆ ಓಗೋರು. ಮೊದ್ಲು ನಕ್ಕಿದ್ದೋರೇ ಕಣಣ್ಣ. ಅದ ನೋಡಿದ್ ಮೇಲೆ ಒಂದ್ ಸಲ ಬೆಟ್ಟದ್ ತಾವ್ಕೆ ಓಗಿ ಬಂದ್ರಂತೆ. ಸಾಯಂಕಾಲ್ದ ಬಿಸ್ಲಲ್ಲಿ ಕಬ್ಬು ನಿಜ್ವಾಗ್ಲೂ ಅಂಗೇ ಕಾಣ್ತದಂತೆ."

ಕೆಂಪು ಪಟ ವಾಪಸು ಗೋಡೆ ಏರಿತು. ನಾನೂ ಆಗ ದಿನಾ ಆ ಸ್ಟೇಷನ್ನಿನಿಂದ ಓಡಾಡುತ್ತಿದ್ದವನು. ಹುಟ್ಟಿ ಬೆಳೆದ ಊರಿನ ಬೆಟ್ಟವನ್ನು ನಾನು ಕತ್ತೆತ್ತಿ ನೋಡಿದ್ದು ಆ ಪಟದಿಂದಲೇ. ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದ ಒಂದು ಸಂಸಾರ ರೈಲು ನಿಂತಾಗ ಕಿಟಕಿಯಿಂದ, ಕಾಯುವ ಕೋಣೆಯ ತೆರೆದ ಬಾಗಿಲೊಳಗೆ ಪಟ ಕಂಡು, ಗಂಟುಮೂಟೆ ಸಮೇತ ಇಳಿದು ಆಟೋ ಹತ್ತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಆ ಮೇಲೆ ಚಲುವರಾಜು ನಿಲ್ಲಲಿಲ್ಲ. ಶ್ರೀರಂಗಪಟ್ಟಣಕ್ಕೆ ಕರಿಘಟ್ಟದ ತುದಿಯಿಂದ ಕಾಣುವ ಹೊಳೆಯ ತಿರುವನ್ನು ಬರೆದ. ನಾಗಮಂಗಲದ ಕಡೆಯ ಒಂದು ಬೋಳು ಬಂಡೆಗುಡ್ಡವನ್ನು ಬರೆಯಲು ಹೋದಾಗ ದ್ಯಾವಮ್ಮನೂ ತವರು ನೋಡುವ ನೆಪದಲ್ಲಿ ಜೊತೆಗೆ ಹೋಗಿ, ಮಗ ಬರೆಯುವಷ್ಟು ಹೊತ್ತು ಮರದ ನೆರಳಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ತನ್ನೂರನ್ನು ಮಾತ್ರ ಅವನು ಕೊನೆಗೆ ಉಳಿಸಿಕೊಂಡಿದ್ದ.

ಅಕ್ಕಿಹೆಬ್ಬಾಳಿನ ಪಟಕ್ಕೆ ಅವನು ಆರಿಸಿಕೊಂಡದ್ದು ಹೇಮಾವತಿಯ ಸೇತುವೆಯನ್ನು. ಹೊಳೆಯಂಚಿನ ಒಂದು ಹಾಸುಬಂಡೆಯ ಮೇಲೆ ಕೂತು ಕೆಳಗಿನಿಂದ ನೋಡಿ ಬರೆದ. ಕಂಬಗಳು ನೀರಿನಿಂದೆದ್ದು ಆಕಾಶಕ್ಕೆ ಹೋಗುತ್ತಿದ್ದವು. ಮಳೆಗಾಲದ ಹೊಳೆ ಅವುಗಳ ಕಾಲಿಗೆ ನೊರೆ ಕಟ್ಟಿತ್ತು. ಮೇಲೆ, ಹಳದಿ ಆಕಾಶಕ್ಕೆ ಎದುರಾಗಿ, ಹೆಗಲ ಮೇಲೆ ಸುತ್ತಿಗೆ ಹೊತ್ತು ಒಂಟಿಯಾಗಿ ನಡೆಯುವ ಕಾಳಿನಷ್ಟು ಮನುಷ್ಯ. ಅವನ ಇನ್ನೊಂದು ಕೈಯಲ್ಲಿ ಬಾವುಟ.

ಆ ಬಾವುಟದ ವಿಷಯಕ್ಕೆ ಮಾತ್ರ ಚಲುವರಾಜು ಗಂಜಾಂಗೆ ಹೋದ.

"ಮೇಡಮ್ನೋರೆ, ಮಿಕ್ಕಿದ್ದೆಲ್ಲ ನಂಗೆ ಕಂಡಂಗಿರ್ಲಿ. ಇದೊಂದು ತಪ್ಪಂಗಿಲ್ಲ. ರೈಲು ನಿಲ್ಲುಸೋ ಕೆಂಪು ಯಾವ್ದೋ ಅದೇ ಆಗ್ಬೇಕು. ನೀವೇ ಕಲಸಿಕೊಡಿ."

ಅಲಮೇಲು ಕಲಸಿಕೊಟ್ಟರು. ಎಳ್ಳಿನಷ್ಟು ಬಾವುಟಕ್ಕೆ ಒಂದು ಬೇರೆಯೇ ಸ್ಕ್ರೀನ್ ಬೇಕೇ ಎಂದು ಸಿದ್ದಾರ್ಥ ಗೊಣಗಿದ. ಬೇಕು ಎಂದ ಚಲುವರಾಜು. ಸಿದ್ದಾರ್ಥ ಬೇರೆ ಸ್ಕ್ರೀನ್ ಮಾಡಿದ.

ಹೊನ್ನಪ್ಪ ನಿವೃತ್ತನಾಗಿ ವರ್ಷಗಳಾಗಿದ್ದವು. ಮಂಡಿನೋವು, ಕೋಲು ಹಿಡಿದೇ ನಡಿಗೆ. ಮಗನ ಪಟಗಳ ಸುದ್ದಿಯನ್ನು ಕೇಳುತ್ತಿದ್ದನೇ ಹೊರತು ಒಂದನ್ನೂ ನೋಡಲು ಹೋಗಿರಲಿಲ್ಲ. ಮೈಸೂರಿನ ಆ ದಿನದ ನಂತರ ಅಪ್ಪ, ಮಗ ಬಣ್ಣದ ಮಾತನ್ನೇ ಆಡಿರಲಿಲ್ಲ. ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ಪಟ ತೂಗುಹಾಕಿದ ಮರುದಿನ ಬೆಳಿಗ್ಗೆ ಅವನು ತಾನಾಗಿಯೇ ಪಂಚೆ ಬದಲಿಸಿ, "ನಡಿ, ಅದೇನ್ ಬರ್ದಿದ್ದೀಯೋ ನೋಡ್ತೀನಿ," ಅಂದ.

ಗೋಡೆಯ ಮುಂದೆ ಕೋಲೂರಿ ನಿಂತು ಬಹಳ ಹೊತ್ತು ನೋಡಿದ. ಮೊದಲು ಕಂಬಗಳನ್ನು, ಆಮೇಲೆ ನೀರನ್ನು, ಆಮೇಲೆ ಮೇಲಕ್ಕೆ.

"ಸುತ್ಗೆ ಹೊತ್ಕಂಡವ್ನಲ್ಲ, ಯಾರ್ಲಾ ಅವ್ನು?"

"ನೀನೇ ಕಣಪ್ಪ."

ಹೊನ್ನಪ್ಪ ಇನ್ನೂ ಹತ್ತಿರ ಹೋಗಿ ಮುಖವನ್ನು ಪಟಕ್ಕೆ ತಾಗುವಷ್ಟು ಬಗ್ಗಿಸಿದ.

"ಬಾವುಟ ಸರ್ಯಾಗೈತೆ," ಅಂದ. ಬೆರಳನ್ನು ಪಟದ ಸೇತುವೆಯುದ್ದಕ್ಕೂ ಎಳೆದ. "ನನ್ ಸರ್ವೀಸೆಲ್ಲ ಆ ಸೇತ್ವೆ ಮ್ಯಾಲೆ ತಲೆ ಬಗ್ಗುಸ್ಕಂಡೇ ನಡ್ದೆ ಕಣ್ಲಾ. ಬೋಲ್ಟ್ ನೋಡ್ಕಂಡು, ಸ್ಲೀಪರ್ ನೋಡ್ಕಂಡು. ಕೆಳಗ್ನಿಂದ ಅದು ಇಂಗೈತೆ ಅಂತ ನಂಗೊತ್ತೇ ಇರ್ನಿಲ್ಲ. ಇಷ್ಟೆತ್ರದಲ್ಲಿ ನಡೀತಿದ್ನಾ ನಾನು?"

"ಊಂ ಕಣಪ್ಪ."

"ಎಲ್ ಕೂತ್ಕಂಡು ಬರ್ದೆ ಇದ?"

ಚಲುವರಾಜು ಹೊಳೆಯ ಕಡೆ ತೋರಿಸಿದ. ಹೊನ್ನಪ್ಪ ಹೋಗೋಣ ಎಂದ. ಮಂಡಿ ನೋಯುತ್ತದೆ ಎಂದರೂ ಕೇಳಲಿಲ್ಲ. ಮಗನ ಹೆಗಲು ಹಿಡಿದು ಗದ್ದೆಯ ಬದುವಿನ ಮೇಲೆ ನಿಧಾನವಾಗಿ ಇಳಿದ. ಮಳೆ ನಿಂತು ಹೊಳೆ ಇಳಿದಿತ್ತು, ಹಾಸುಬಂಡೆ ಒಣಗಿತ್ತು. ಇಬ್ಬರೂ ಅದರ ಮೇಲೆ ಕೂತರು. ಶ್ವೇತ ಕಟ್ಟಿಕೊಟ್ಟಿದ್ದ ರೊಟ್ಟಿ ಬಿಚ್ಚಿದರು.

ತಿನ್ನುತ್ತಿದ್ದಂತೆ ಹಾಸನದ ಕಡೆಯ ಗಾಡಿ ಬಂತು. ಕಂಬಗಳು ಸಣ್ಣಗೆ ನಡುಗಿದವು, ಬೋಗಿಗಳ ನೆರಳು ಒಂದೊಂದಾಗಿ ಅವರ ಮೇಲೆ ಹಾದುಹೋಯಿತು. ಹೊನ್ನಪ್ಪ ರೊಟ್ಟಿ ಕೈಯಲ್ಲಿ ಹಿಡಿದೇ ಕತ್ತೆತ್ತಿ, ಕೊನೆಯ ಬೋಗಿ ದಾಟುವವರೆಗೂ ಕಿವಿಗೊಟ್ಟ.

"ಕೆಳಗೆ ಕೂತ್ರೆ ಸದ್ದೇ ಬ್ಯಾರೆ ಕಣ್ಲಾ," ಅಂದ.